ಕಲ್ಯಾಣದುರ್ಗದವಳ ಮೇಲಿನ ಹಗೆ

ಅವಳ ಮುಖ ನನಗೆ ಈಗಲೂ ಚೆನ್ನಾಗಿ ನೆನಪಿದೆ. ಉದ್ದ ಕತ್ತು, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ, ಹುಬ್ಬಿನ ಹತ್ತಿರ ಸಣ್ಣದೊಂದು ಹಳೆಯ ಗಾಯ. ಕಲ್ಯಾಣದುರ್ಗದ ಕಾಲೇಜೊಂದರ ಫ್ರಿಸ್ಬಿ ತಂಡದ ಕ್ಯಾಪ್ಟನ್. ನನಗಿಂತ ಒಂದು ವರ್ಷ ಚಿಕ್ಕವಳು. ನಾನು ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಗ, ದೀಪಾವಳಿ ಕಳೆದ ಮೇಲಿನಿಂದ ಶಿವರಾತ್ರಿಯವರೆಗೆ, ಹಲ್ಲುಜ್ಜುವಾಗಲೂ ಅವಳದೇ ಜಪ, ದೇವರ ಮುಂದೆ ಕೈ ಮುಗಿಯುವಾಗಲೂ ಅವಳದೇ ಜಪ. ಇಷ್ಟಪಟ್ಟವರನ್ನು ಕೂಡ ನಾನು ಆ ಮಟ್ಟಕ್ಕೆ ನೆನೆದವಳಲ್ಲ.

ಆಂಧ್ರದ ಗಡಿಯ ನಮ್ಮೂರು ಹಿಂದೂಪುರದಲ್ಲಿ ಈ ಆಟಕ್ಕೆ ತಟ್ಟೆ ಆಟ ಎಂದೇ ಹೆಸರು. ತೆಲುಗಿನವರು ಪಳ್ಳೆಂ ಆಟ ಅನ್ನುತ್ತಿದ್ದರು. ನಮ್ಮ ಪಿ.ಡಿ. ಸಾರ್, ಅಂದರೆ ಕಾಲೇಜಿನ ಆಟದ ಮೇಷ್ಟ್ರು, ಎಲ್ಲೋ ಒಂದು ವಾರ ತರಬೇತಿಗೆ ಹೋಗಿ ವಾಪಸ್ ಬರುವಾಗ ಬಿಳಿ ಪ್ಲಾಸ್ಟಿಕ್ ಡಿಸ್ಕುಗಳನ್ನು ಒಂದು ಚೀಲದ ತುಂಬ ತಂದಿದ್ದರು. ಹುಡುಗರೂ ಹುಡುಗಿಯರೂ ಒಂದೇ ತಂಡದಲ್ಲಿ ಆಡಬೇಕು ಎಂದಾಗ ಅರ್ಧ ಹುಡುಗಿಯರು ಮನೆಯಲ್ಲಿ ಬೈಸಿಕೊಂಡು ಬಿಟ್ಟರು. ನಾನು ಬೈಸಿಕೊಂಡೂ ಬಿಡಲಿಲ್ಲ. ಮೊಂಡು ನನಗೆ ಹುಟ್ಟುಗುಣ, ಅದಕ್ಕೆ ನಮ್ಮಮ್ಮ ಸಾಕ್ಷಿ ಹೇಳುತ್ತಾಳೆ.

ಆಟ ತಿಳಿಯದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಏಳೇಳು ಜನರ ಎರಡು ತಂಡ. ಡಿಸ್ಕ್ ಕೈಗೆ ಬಂದವರು ಓಡುವಂತಿಲ್ಲ, ನಿಂತಲ್ಲಿಂದಲೇ ತಮ್ಮವರಿಗೆ ಎಸೆಯಬೇಕು. ಮೈದಾನದ ಎರಡೂ ತುದಿಗೆ ಸುಣ್ಣದಲ್ಲಿ ಒಂದೊಂದು ಪಟ್ಟಿ ಎಳೆದಿರುತ್ತಾರೆ. ಎದುರಿನವರ ಪಟ್ಟಿಯೊಳಗೆ ಹೋಗಿ ಹಿಡಿದರೆ ಒಂದು ಪಾಯಿಂಟು. ಡಿಸ್ಕ್ ನೆಲ ಮುಟ್ಟಿತೋ, ಅದು ಎದುರಿನವರ ಪಾಲು. ಇಷ್ಟೇ ಆಟ. ಆದರೆ ಇದಕ್ಕೆ ರೆಫರಿ ಇಲ್ಲ. ಯಾರ ಕೈಗೆ ಏಟು ಬಿತ್ತೋ ಅವರೇ ಫೌಲ್ ಅನ್ನಬೇಕು. ನೆಲ ಮುಟ್ಟಿದ್ದು ಯಾರಿಗೆ ಕಂಡಿತೋ ಅವರೇ ಹೇಳಬೇಕು. ಹೀಗೆ ಹೇಳುವುದಕ್ಕೆ ಕಾಲ್ ಮಾಡುವುದು ಅನ್ನುತ್ತಾರೆ. ಎದುರಿನವರು ಒಪ್ಪಿದರೆ ಸರಿ. ಒಪ್ಪದಿದ್ದರೆ 'ಕಾಂಟೆಸ್ಟ್' ಅನ್ನಬೇಕು, ಆಗ ಡಿಸ್ಕು ಎಸೆದವರ ಕೈಗೇ ವಾಪಸ್ ಹೋಗುತ್ತದೆ, ಎಸೆತ ಮತ್ತೆ ಮೊದಲಿನಿಂದ. ನಮ್ಮಜ್ಜಿ ಇದನ್ನು ಕೇಳಿ, ಕಳ್ಳನ ಕೈಗೇ ಬೀಗದ ಕೈ ಕೊಟ್ಟಂಗಾಯ್ತಲ್ಲ ಎಂದು ನಕ್ಕಿದ್ದಳು.

ಪಂದ್ಯ ಮುಗಿದ ಮೇಲೆ ಇನ್ನೊಂದು ಪದ್ಧತಿ. ನಮ್ಮವರೊಬ್ಬರು, ಅವರವರೊಬ್ಬರು ಎಂದು ಬೆರೆತು, ಹೆಗಲ ಮೇಲೆ ಕೈ ಹಾಕಿಕೊಂಡು ದುಂಡಗೆ ನಿಲ್ಲಬೇಕು. ಏನು ಚೆನ್ನಾಗಿತ್ತು, ಯಾವುದಕ್ಕೆ ಬೇಜಾರಾಯಿತು ಎಂದು ಮುಖಕ್ಕೆ ಮುಖ ಕೊಟ್ಟು ಹೇಳಬೇಕು. ಆಮೇಲೆ ಒಂದು ತಂಡ ಇನ್ನೊಂದಕ್ಕೆ ನಡತೆಯ ಮಾರ್ಕು ಕೊಡುತ್ತದೆ. ಅದಕ್ಕೆ ಸ್ಪಿರಿಟ್ ಮಾರ್ಕು ಅನ್ನುತ್ತಾರೆ, ಅದಕ್ಕೇ ಬೇರೆ ಬಹುಮಾನ ಇರುತ್ತದೆ.

ಆ ವರ್ಷ ನಾಲ್ಕು ಊರುಗಳಲ್ಲಿ ಟೂರ್ನಮೆಂಟು. ಮೊದಲನೆಯದು ನಮ್ಮ ಹಿಂದೂಪುರ, ಆಮೇಲೆ ಪೆನುಕೊಂಡ, ರೊದ್ದಂ, ಕೊನೆಗೆ ಕಲ್ಯಾಣದುರ್ಗ. ನಮ್ಮೂರಿನ ಟೂರ್ನಮೆಂಟಿನ ಕೊನೆಯ ಪಂದ್ಯದಲ್ಲಿ ನಮಗೆ ಎದುರಾದವರು ಕಲ್ಯಾಣದುರ್ಗದವರು. ಎಂಟು ಎಂಟು ಸಮವಾಗಿತ್ತು. ಮುಂದಿನ ಪಾಯಿಂಟು ಯಾರದೋ ಕಪ್ ಅವರದು. ಅವತ್ತು ಅಪ್ಪ ಬಂದಿದ್ದ. ಅಪ್ಪ ರೇಷ್ಮೆ ಸೀರೆ ನೇಯುವವನು. ಅವನು ಹಗಲು ಹೊತ್ತಿನಲ್ಲಿ ಮಗ್ಗ ಬಿಟ್ಟು ಎದ್ದನೆಂದರೆ ಒಂದೋ ಮದುವೆ, ಇಲ್ಲವೇ ಸಾವು. ಅಂಥವನು ಮಗಳ ತಟ್ಟೆ ಆಟ ನೋಡೋಣ ಎಂದು ಸ್ಕೂಟರ್ ಹಾಕಿಕೊಂಡು ಬಂದು, ಕಾಂಪೌಂಡಿನ ಪಕ್ಕ, ಸುಣ್ಣದ ಗೆರೆಗೆ ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದ.

ನಮ್ಮ ತಂಡದ ಹುಡುಗನೊಬ್ಬ ಉದ್ದಕ್ಕೆ ಎಸೆದ. ನಾನು ಓಡಿದೆ. ಡಿಸ್ಕು ಗಾಳಿಯಲ್ಲಿ ತೇಲಿ, ಪಟ್ಟಿಯೊಳಗೆ ಬಂದು, ಒಮ್ಮೆಲೇ ಕೆಳಕ್ಕೆ ಬಿತ್ತು. ನಾನು ಹಾರಿ ಹೊಟ್ಟೆಯ ಮೇಲೆ ಬಿದ್ದೆ. ಎದ್ದಾಗ ಡಿಸ್ಕು ನನ್ನ ಕೈಯಲ್ಲಿತ್ತು. ನಮ್ಮವರೆಲ್ಲ ಕಿರುಚುತ್ತಾ ಓಡಿ ಬಂದರು. ಅಪ್ಪ ಕೈ ಎತ್ತಿದ್ದು ಕಂಡಿತು. ಎರಡೇ ಹೆಜ್ಜೆ ದೂರದಲ್ಲಿದ್ದ ಆ ಎರಡು ಜಡೆಯವಳು ಕೈ ಅಡ್ಡ ಆಡಿಸಿದಳು.

"ನೆಲಕ್ಕೆ ತಗುಲ್ತು ಕಣಕ್ಕ," ಅಂದಳು. "ನಾನು ನೋಡ್ದೆ."

ಮೈದಾನದಲ್ಲಿ ಎಲ್ಲರೂ ತೆಲುಗು ಮಾತಾಡುತ್ತಿದ್ದರು. ಆ ಮಾತನ್ನು ಮಾತ್ರ ಅವಳು ಕನ್ನಡದಲ್ಲಿ ಹೇಳಿದಳು. ಅದಕ್ಕೆ ಮುಂಚೆ ನೀರಿನ ಡ್ರಮ್ಮಿನ ಹತ್ತಿರ ನಾವಿಬ್ಬರೂ ಕನ್ನಡದವರು ಎಂದು ತಿಳಿದು ಖುಷಿಯಾಗಿ ನಾಲ್ಕು ಮಾತಾಡಿದ್ದೆವು. ಆ ಸಲಿಗೆಯಲ್ಲಿ ಅಕ್ಕ ಅನ್ನುತ್ತಲೇ ನನ್ನ ಬಾಯಿಗೆ ಮಣ್ಣು ಹಾಕಿದಳು. ನಾನು ಕಾಂಟೆಸ್ಟ್ ಅಂದೆ. ನೆಲ ಮುಟ್ಟಿರಲಿಲ್ಲ, ದೇವರಾಣೆ, ಹಾಗೆಂದೇ ನಾನು ನಂಬಿದ್ದೆ. ಡಿಸ್ಕು ನಮ್ಮ ಹುಡುಗನ ಕೈಗೆ ವಾಪಸ್ ಹೋಯಿತು. ಅವನು ಅವಸರದಲ್ಲಿ ಎಸೆದದ್ದು ಗೆರೆಯಾಚೆ ಹೋಗಿ ಬಿತ್ತು. ನಾಲ್ಕು ಎಸೆತದಲ್ಲಿ ಅವರು ಗೆದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ದುಂಡಗೆ ನಿಂತಾಗ ಅವಳು ಬೇಕಂತಲೇ ನನ್ನ ಪಕ್ಕಕ್ಕೆ ಬಂದು, ಹೆಗಲ ಮೇಲೆ ಕೈ ಹಾಕಿ, ಈ ಅಕ್ಕ ಹಾರಿದ ಹಾಗೆ ನಮ್ಮಲ್ಲಿ ಯಾರೂ ಹಾರಲ್ಲ ಎಂದು ಹೊಗಳಿದಳು. ನಾನು ಅವಳ ಕೈಯನ್ನು ಕೊಡವಿ ಹಾಕಿದೆ. ಎಲ್ಲರೂ ನೋಡಿದರು. ಅದೊಂದಕ್ಕೆ ನಮ್ಮ ತಂಡದ ಸ್ಪಿರಿಟ್ ಮಾರ್ಕು ಕೆಳಗಿಳಿಯಿತು, ಆ ಬಹುಮಾನವೂ ಅವರಿಗೇ ಹೋಯಿತು. ಕಪ್ ಕಳೆದವಳೂ ನಾನೇ, ಮಾನ ಕಳೆದವಳೂ ನಾನೇ.

ನಮ್ಮ ತಂಡದ ಹುಡುಗರು ಅವತ್ತಿನಿಂದ ನನಗೆ 'ಭೂದೇವಿ' ಎಂದು ಹೆಸರಿಟ್ಟರು. ಏಮಮ್ಮಾ ಭೂದೇವಿ, ಇವತ್ತು ನೆಲ ಮುಟ್ಟಿದೆಯಾ ಎಂದು ಪ್ರಾಕ್ಟೀಸಿನಲ್ಲಿ ರೇಗಿಸುತ್ತಿದ್ದರು. ಅದನ್ನು ಹೇಗೋ ನುಂಗಿಕೊಂಡೆ. ನುಂಗಲಾಗದ್ದು ಮನೆಯಲ್ಲಿ ನಡೆಯಿತು. ಆ ಸಂಜೆ ಅಪ್ಪ ಮಗ್ಗದ ಮುಂದೆ ಕೂತು, ತುಂಡಾದ ಎಳೆ ಗಂಟು ಹಾಕುತ್ತಾ, ನನ್ನ ಕಡೆ ನೋಡದೆಯೇ ಕೇಳಿದ.

"ನೆಲ ಮುಟ್ಟಿತ್ತೇನಮ್ಮ? ನಿಜ ಯೋಳು."

ಹುಟ್ಟಿದಾಗಿನಿಂದ ಅಪ್ಪ ನನ್ನನ್ನು ನಿಜ ಹೇಳು ಎಂದು ಕೇಳಿರಲಿಲ್ಲ. ನನ್ನ ಮಾತನ್ನು ಕೇಳಿದ ಮೇಲೆ ಅವನಿಗೆ ಇನ್ನೊಂದು ಮಾತು ಬೇಕಿರಲಿಲ್ಲ. ಅಂಥವನ ಮನಸ್ಸಿನಲ್ಲಿ ಯಾರೋ ಕಲ್ಯಾಣದುರ್ಗದವಳು ಒಂದು ನಿಮಿಷದಲ್ಲಿ ಅನುಮಾನ ಬಿತ್ತಿ ಹೋಗಿದ್ದಳು. ನಾನು ಹೋಗಿ ಮಗ್ಗದ ಮೇಲೆ ಅಂಗೈ ಇಟ್ಟು, ಮುಟ್ಟಿರಲಿಲ್ಲ ಎಂದೆ. ನಮ್ಮ ಮನೆಗಳಲ್ಲಿ ಮಗ್ಗ ಮುಟ್ಟಿ ಹೇಳಿದರೆ ಅದರ ಮುಂದೆ ಮಾತಿಲ್ಲ. ಅಪ್ಪ ತಲೆಯಾಡಿಸಿ ಕೆಲಸ ಮುಂದುವರಿಸಿದ. ನಾನು ಒಳಗೆ ಹೋಗಿ ಚಾಪೆಯ ಮೇಲೆ ಬಿದ್ದುಕೊಂಡು, ಇವಳನ್ನು ಸುಮ್ಮನೆ ಬಿಟ್ಟರೆ ನಾನು ನನ್ನಪ್ಪನಿಗೆ ಹುಟ್ಟಿದವಳೇ ಅಲ್ಲ ಅಂದುಕೊಂಡೆ. ನನಗೆ ಬೇಕಾಗಿದ್ದದ್ದು ಒಂದೇ. ಎಲ್ಲರ ಮುಂದೆ, ದುಂಡಗೆ ನಿಂತಾಗ, ಅವಳ ಬಾಯಿಂದಲೇ 'ನೀನು ಹಿಡಿದಿದ್ದೆ, ತಪ್ಪಾಯ್ತು' ಎಂದು ಹೇಳಿಸಬೇಕು.

ಹೇಗೆ ಹೇಳಿಸುವುದು? ಆಟದಲ್ಲಿ ಸೋಲಿಸಿದರೆ ಅವಳು ಸೋತಾಳು, ಅಷ್ಟೇ. ಮಾತು ಬದಲಾಗದು. ಎರಡು ದಿನ ಯೋಚಿಸಿದೆ. ರೆಫರಿ ಇಲ್ಲದ ಆಟದಲ್ಲಿ ಆಟಗಾರನ ಹತ್ತಿರ ಇರುವ ಆಸ್ತಿ ಮಾತು. ಅವಳು ನನ್ನ ಆಸ್ತಿಯನ್ನು ಕಿತ್ತುಕೊಂಡಿದ್ದಳು. ನಾನೂ ಅವಳದನ್ನೇ ಕಿತ್ತುಕೊಳ್ಳಬೇಕು ಎಂದು ತೀರ್ಮಾನಿಸಿದೆ.

ಪೆನುಕೊಂಡದ ಟೂರ್ನಮೆಂಟು ಕೋಟೆ ಬೆಟ್ಟದ ಕೆಳಗಿನ ಮೈದಾನದಲ್ಲಿ. ಅಲ್ಲಿ ಕೆಲಸ ಶುರು ಮಾಡಿದೆ. ಬೈದರೆ ಜನ ಬೈದವರನ್ನೇ ಅನುಮಾನಿಸುತ್ತಾರೆ, ಇದು ನನಗೆ ಗೊತ್ತಿತ್ತು. ಕೇರಿಯಲ್ಲಿ ಹೆಂಗಸರು ಒಬ್ಬರ ಸಂಸಾರ ಕೆಡಿಸುವುದು ಹೇಗೆಂದು ಚಿಕ್ಕಂದಿನಿಂದ ನೋಡಿದ್ದೆನಲ್ಲ. ನಲ್ಲಿಯ ಹತ್ತಿರ, ಆಡಲು ಬಂದಿದ್ದ ಪರಿಗಿ ಊರಿನ ತಂಡದ ಹುಡುಗಿಯರು ಸಿಕ್ಕಾಗ ಕಲ್ಯಾಣದುರ್ಗದವರ ಸುದ್ದಿ ತೆಗೆದು, ಅವಳನ್ನು ಚೆನ್ನಾಗಿ ಹೊಗಳಿದೆ. ಎಂಥ ಓಟ, ಎಂಥ ಎಸೆತ. ಕೊನೆಯಲ್ಲಿ ಮಾತ್ರ ದನಿ ತಗ್ಗಿಸಿ ಹೇಳಿದೆ.

"ಮಂಚಿ ಪಿಲ್ಲೇ ಪಾಪಂ. ಕಾಲ್ ಚೇಸೇಟಪ್ಪುಡು ಮಾತ್ರಂ ಕೊಂಚೆಂ ಚೂಸ್ಕೋಂಡಿ."

ಒಳ್ಳೆಯ ಹುಡುಗಿಯೇ ಪಾಪ, ಕಾಲ್ ಮಾಡುವಾಗ ಮಾತ್ರ ಸ್ವಲ್ಪ ನೋಡಿಕೊಳ್ಳಿ, ಇಷ್ಟೇ ಅದರ ಅರ್ಥ. ಸುಳ್ಳಿ ಅನ್ನಲಿಲ್ಲ, ಮೋಸಗಾತಿ ಅನ್ನಲಿಲ್ಲ. ಹಿಂದೂಪುರದಲ್ಲಿ ಏನಾಯಿತು ಎಂದು ಅವರೇ ಕೇಳಿದರು. ಹೋಗಲಿ ಬಿಡ್ರಮ್ಮ, ಆಗಿದ್ದು ಆಗಿಹೋಯಿತು ಎಂದು ನಿಟ್ಟುಸಿರು ಬಿಟ್ಟೆ. ಆ ನಿಟ್ಟುಸಿರನ್ನು ಹಿಂದಿನ ದಿನ ಮನೆಯ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದೆ ಎಂದರೆ ನೀವು ನಂಬಬೇಕು. ಊಟದ ಸಾಲಿನಲ್ಲಿ ರೊದ್ದಂನವರ ಕಿವಿಗೆ ಅದನ್ನೇ ಹಾಕಿದೆ. ಚಿತ್ರಾನ್ನದ ತಟ್ಟೆ ಹಿಡಿದುಕೊಂಡು ಪೆನುಕೊಂಡದ ಹುಡುಗರ ಕಿವಿಗೂ ಹಾಕಿದೆ. ಊರ ಬಾಯಿಗೆ ಮುಚ್ಚಳ ಇಲ್ಲ, ಉಳಿದದ್ದನ್ನು ಅದೇ ನೋಡಿಕೊಂಡಿತು.

ಆ ದಿನ ಮಧ್ಯಾಹ್ನವೇ ಫಲ ಕಂಡಿತು. ಕಲ್ಯಾಣದುರ್ಗಕ್ಕೂ ಪರಿಗಿಯವರಿಗೂ ಪಂದ್ಯ. ಅವಳು ಒಂದು ಸಲ ಫೌಲ್ ಅಂದಳು, ಪರಿಗಿಯವರು ಕಾಂಟೆಸ್ಟ್ ಅಂದರು. ಇನ್ನೊಂದು ಸಲ ಡಿಸ್ಕು ಗೆರೆಯಾಚೆ ಹೋಯಿತು ಅಂದಳು, ಅದಕ್ಕೂ ಕಾಂಟೆಸ್ಟ್. ಅವಳು ಸೊಂಟದ ಮೇಲೆ ಕೈಯಿಟ್ಟು, ಏನಾಗಿದೆ ಇವರಿಗೆ ಎಂಬಂತೆ ಸುತ್ತಲೂ ನೋಡಿದಳು. ನಾನು ಬೇವಿನ ಮರದ ಕೆಳಗೆ ಕೂತು ಕಡಲೆಕಾಯಿ ಬಿಡಿಸಿ ತಿನ್ನುತ್ತಾ ನೋಡಿದೆ. ಅಷ್ಟು ರುಚಿಯಾದ ಕಡಲೆಕಾಯಿಯನ್ನು ಜನ್ಮದಲ್ಲಿ ತಿಂದಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ನಡೆದದ್ದನ್ನು ಈಗ ಹೇಳಬೇಕು. ಹೇಳಲು ನಾಲಗೆ ತಡವರಿಸುತ್ತದೆ, ಆದರೂ ಹೇಳುತ್ತೇನೆ. ನಮ್ಮ ತಂಡದ ಗೆಳತಿಯೊಬ್ಬಳು ನನ್ನ ಪಕ್ಕ ಕೂತಿದ್ದಳು. ಬಸ್ಸು ಹತ್ತಿದರೆ ಅವಳಿಗೆ ವಾಂತಿ. ನಿಂಬೆಹಣ್ಣನ್ನು ಮೂಗಿಗೆ ಒತ್ತಿಕೊಂಡು, ಕಿಟಕಿಯ ಸರಳಿಗೆ ತಲೆ ಆನಿಸಿ, ಕಣ್ಣು ಮುಚ್ಚಿದ್ದಳು. ಫೋನಿನಲ್ಲಿ ಜಾಗ ತುಂಬಿಹೋಗಿದೆ, ಹಳೆಯ ವೀಡಿಯೊಗಳನ್ನೆಲ್ಲ ಅಳಿಸಿಕೊಡು ಎಂದು ಫೋನನ್ನು ನನ್ನ ಮಡಿಲಿಗೆ ಹಾಕಿದಳು. ಹಿಂದೂಪುರದ ಕೊನೆಯ ಪಂದ್ಯವನ್ನು ಬೆಂಚಿನ ಮೇಲೆ ಕೂತು ತೆಗೆದಿದ್ದೇನೆ, ನಾನಿನ್ನೂ ನೋಡಿಲ್ಲ, ನಿನ್ನ ಕ್ಯಾಚ್ ಅದರಲ್ಲಿ ಇದ್ದರೆ ಅದೊಂದನ್ನು ಇಟ್ಟುಕೋ, ಅವಳ ಮುಖಕ್ಕೆ ಹಿಡಿಯಬಹುದು ಎಂದಳು.

ದೇವರೇ ಸಾಕ್ಷಿ ಕಳಿಸಿದ ಎಂದು ಹುಡುಕಿದೆ. ಸಿಕ್ಕಿತು. ನಾನು ಓಡುವುದು, ಹಾರುವುದು, ಬೀಳುವುದು ಎಲ್ಲ ಇತ್ತು. ಅಲ್ಲಿ ನಿಲ್ಲಿಸಿ, ಬೆರಳಿನಿಂದ ಒಂದೊಂದೇ ಎಳೆ ಬಿಡಿಸಿದಂತೆ ಹಿಂದೆ ಮುಂದೆ ಮಾಡಿದೆ. ಡಿಸ್ಕಿನ ಅಂಚು ನೆಲಕ್ಕೆ ತಗುಲಿತು. ಕೆಂಪು ಧೂಳು ಒಂದು ಹಿಡಿಯಷ್ಟು ಮೇಲೆದ್ದಿತು. ಆಮೇಲೆ ನನ್ನ ಕೈ ಅದನ್ನು ಹಿಡಿಯಿತು. ಮೂರು ಸಲ ನೋಡಿದೆ, ನಾಲ್ಕು ಸಲ ನೋಡಿದೆ. ಧೂಳು ಮೊದಲು, ನನ್ನ ಬೆರಳು ಆಮೇಲೆ. ಅವಳು ಎರಡು ಹೆಜ್ಜೆ ದೂರದಲ್ಲಿ, ಸರಿಯಾಗಿ ಅದನ್ನೇ ನೋಡುತ್ತಾ ನಿಂತಿದ್ದಳು.

ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ ಎನ್ನುವುದನ್ನು ಬರೆದೇ ಬಿಡುತ್ತೇನೆ. ನನಗೆ ಬಂದದ್ದು ಸಿಟ್ಟು, ಮೊದಲಿಗಿಂತ ಎರಡರಷ್ಟು. ಅವಳು ಸುಳ್ಳಾಡಿದ್ದರೆ ಒಂದು ದಿನ ಕ್ಷಮಿಸುತ್ತಿದ್ದೆನೇನೋ. ನಿಜ ಹೇಳಿ ನನ್ನನ್ನು ಅಪ್ಪನ ಮುಂದೆ ನಿಲ್ಲಿಸಿದಳಲ್ಲ, ಮಗ್ಗ ಮುಟ್ಟಿಸಿದಳಲ್ಲ, ಅದನ್ನು ಹೇಗೆ ಕ್ಷಮಿಸುವುದು? ಈಗ ಹೋಗಿ ಅಪ್ಪನಿಗೆ ಏನು ಹೇಳಲಿ? ಪರಿಗಿಯವರಿಗೆ, ರೊದ್ದಂನವರಿಗೆ ಏನು ಹೇಳಲಿ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗೆಳತಿ ಕಣ್ಣು ಮುಚ್ಚಿಕೊಂಡೇ, ಇತ್ತೇನೇ ಎಂದು ಕೇಳಿದಳು. ಸರಿಯಾಗಿ ಕಾಣಲ್ಲ ಕಣೆ, ಯಾರೋ ಅಡ್ಡ ಬಂದಿದ್ದಾರೆ ಎಂದೆ. ಅಳಿಸಿ, ಅಳಿಸಿದ್ದೂ ಉಳಿಯದ ಹಾಗೆ ಮತ್ತೊಮ್ಮೆ ಅಳಿಸಿ, ಫೋನನ್ನು ಅವಳ ಬ್ಯಾಗಿನೊಳಗೆ ಇಟ್ಟೆ.

ಆಮೇಲೆ ನಾನು ಇನ್ನಷ್ಟು ಹುಷಾರಾದೆ. ರೊದ್ದಂ ಹೊತ್ತಿಗೆ ನಾನು ಬಾಯಿ ಬಿಡುವ ಅಗತ್ಯವೇ ಇರಲಿಲ್ಲ. ಅವಳ ಹೆಸರು ಬಂದರೆ ಸಾಕು, ನಾನು ತಲೆ ಬಗ್ಗಿಸಿ ಶೂ ಲೇಸು ಕಟ್ಟಿಕೊಳ್ಳುತ್ತಿದ್ದೆ. ಪಾಪ, ಇವಳು ಎಷ್ಟು ನೊಂದಿದ್ದಾಳೆ ನೋಡಿ ಎಂದು ಜನರೇ ಮಾತಾಡಿಕೊಳ್ಳುತ್ತಿದ್ದರು. ಅಲ್ಲಿ ಕಲ್ಯಾಣದುರ್ಗದವರ ಯಾವ 'ಕಾಲ್' ಅನ್ನೂ ಯಾರೂ ಒಪ್ಪಲಿಲ್ಲ. ಸ್ಪಿರಿಟ್ ಮಾರ್ಕಿನಲ್ಲಿ ಅವರು ಎಲ್ಲರಿಗಿಂತ ಕೆಳಗೆ ಬಂದರು, ಹಿಂದೂಪುರದಲ್ಲಿ ಆ ಬಹುಮಾನ ಹೊತ್ತುಕೊಂಡು ಹೋದವರು. ಅವರ ಪಿ.ಡಿ. ಸಾರ್ ಅವಳನ್ನು ನೀರಿನ ಟ್ಯಾಂಕಿನ ಹಿಂದಕ್ಕೆ ಕರೆದುಕೊಂಡು ಹೋಗಿ ಮಾತಾಡಿದ್ದನ್ನು ಕಂಡೆ. ಮುಂದಿನ ಪಂದ್ಯಕ್ಕೆ ಕ್ಯಾಪ್ಟನ್ ಪಟ್ಟಿ ಇನ್ನೊಬ್ಬ ಹುಡುಗನ ತೋಳಿನಲ್ಲಿತ್ತು. ಅವಳ ತೋಳಿನ ಮೇಲೆ ಪಟ್ಟಿ ಕಟ್ಟಿದ್ದ ಜಾಗ ಮಾತ್ರ ಸ್ವಲ್ಪ ಬೆಳ್ಳಗಿತ್ತು. ಅವತ್ತು ರೊದ್ದಂ ಬಸ್ ಸ್ಟ್ಯಾಂಡಿನಲ್ಲಿ ನಾನೊಬ್ಬಳೇ ಎರಡು ಪ್ಲೇಟು ಮಿರ್ಚಿ ಬಜ್ಜಿ ತಿಂದೆ.

ಸುಮ್ಮನೆ ನಾಲಗೆ ಆಡಿಸಿಕೊಂಡಿದ್ದೆ ಎಂದು ತಿಳಿಯಬೇಡಿ. ಮೈ ಮುರಿದು ಆಡಿದೆ. ಬೆಳಗ್ಗೆ ಐದೂವರೆಗೆ ಎದ್ದು ಮೈದಾನ ಹತ್ತು ಸುತ್ತು ಓಡುತ್ತಿದ್ದೆ. ಅಪ್ಪ ಎರಡು ಸಲ, ಏನಮ್ಮ ಈ ಪಾಟಿ ಹಟ, ಕೊನೆಗೆ ಅದು ಆಟ ತಾನೇ ಅಂದ. ಆಟ ಅಲ್ಲ ಕಣಪ್ಪ ಎಂದು ಹೇಳಿ ನೀರಿನ ಬಾಟಲಿ ತುಂಬಿಕೊಂಡು ಹೊರಟೆ. ಅಪ್ಪ ಇನ್ನೊಂದು ಸಲ ನಿಜ ಕೇಳಿದರೆ ಏನು ಮಾಡಲಿ ಎಂಬ ಭಯ ನನಗೆ ಇದ್ದೇ ಇತ್ತು. ಆದರೆ ಕಲ್ಯಾಣದುರ್ಗದವಳು ಎಲ್ಲರ ಮುಂದೆ ತಪ್ಪೊಪ್ಪಿಕೊಂಡರೆ ಆಮೇಲೆ ಯಾರೂ ಏನೂ ಕೇಳಬೇಕಿರಲಿಲ್ಲ. ನಿಜವೇ ಬದಲಾಗುತ್ತಿತ್ತು. ಹೀಗೆಲ್ಲ ಲೆಕ್ಕ ಹಾಕುತ್ತಿತ್ತು ನನ್ನ ಹಾಳು ತಲೆ.

ಕಲ್ಯಾಣದುರ್ಗಕ್ಕೆ ನಸುಕಿಗೇ ಹೊರಟು, ಬಿಸಿಲೇರುವ ಹೊತ್ತಿಗೆ ತಲುಪಿದೆವು. ಆ ಊರಿನ ಸುತ್ತ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ತಿರುಗುತ್ತಿರುತ್ತವೆ. ಅಲ್ಲಿನ ಗಾಳಿಗೆ ಡಿಸ್ಕು ಹೇಳಿದ ಮಾತು ಕೇಳುವುದಿಲ್ಲ. ಮೇಲಕ್ಕೆ ಎಸೆಯಬೇಡಿ, ಮೊಣಕಾಲಿನ ಎತ್ತರದಲ್ಲೇ ಎಸೆಯಿರಿ ಎಂದು ನಮ್ಮ ಪಿ.ಡಿ. ಸಾರ್ ದಾರಿಯುದ್ದಕ್ಕೂ ಹೇಳುತ್ತಾ ಬಂದರು. ಕೊನೆಯ ಪಂದ್ಯಕ್ಕೆ ಮತ್ತೆ ನಾವು, ಮತ್ತೆ ಅವರು. ಆಟದಲ್ಲಿ ಅವರು ಯಾರಿಗೂ ಕಡಿಮೆ ಇರಲಿಲ್ಲ. ಅವಳನ್ನು ನಾನೇ ಕಾಯುತ್ತೇನೆ ಎಂದು ಸಾರ್ ಹತ್ತಿರ ಕೇಳಿ ತೆಗೆದುಕೊಂಡೆ.

ಅವಳು ಇಳಿದುಹೋಗಿದ್ದಳು. ಜಡೆಯೇನೋ ಹಾಗೇ ಬಿಗಿಯಾಗಿತ್ತು, ಓಟವೂ ಹಾಗೇ ಇತ್ತು, ಆದರೆ ಬಾಯಿ ಮುಚ್ಚಿಹೋಗಿತ್ತು. ಮೊದಲ ಪಂದ್ಯದಲ್ಲಿ ಮೈದಾನದ ಈ ತುದಿಯಿಂದ ಆ ತುದಿಗೆ ಕೇಳುವಂತೆ ಕೂಗುತ್ತಿದ್ದವಳು ಈಗ ಕೈ ಸನ್ನೆ ಮಾಡುತ್ತಿದ್ದಳು. ಮೊದಲು ಅವಳ ಕಾಲನ್ನು ತುಳಿದೆ. ನನ್ನ ಮುಖ ನೋಡಿದಳು, ಏನೂ ಅನ್ನಲಿಲ್ಲ. ಹೆಗಲಿನಿಂದ ಒಮ್ಮೆ ನೂಕಿದೆ. ಬಿದ್ದು, ಎದ್ದು, ಮಂಡಿ ಕೊಡವಿಕೊಂಡು ಆಡಿದಳು. ನನಗೆ ಅರ್ಥವಾಯಿತು. ಅವಳು ಫೌಲ್ ಎನ್ನುವುದನ್ನೇ ಬಿಟ್ಟಿದ್ದಳು. ಬಾಯಿ ಬಿಟ್ಟರೆ ಎಲ್ಲರೂ ನಗುತ್ತಾರೆ, ಮಾರ್ಕು ಕಳೆಯುತ್ತಾರೆ, ಅವಳಿಂದಾಗಿ ತಂಡ ಹಾಳಾಗುತ್ತದೆ. ಸೀಸನ್ನಿನುದ್ದಕ್ಕೂ ನಾನು ಕಾದಿದ್ದು ಇದಕ್ಕೇ. ಮೈಯಲ್ಲಿ ಒಂದು ಥರದ ಖುಷಿ ಹರಿಯಿತು, ಬಿಸಿಲಲ್ಲಿ ತಣ್ಣೀರು ಕುಡಿದಾಗ ಹರಿಯುತ್ತದಲ್ಲ, ಹಾಗೆ.

ಮತ್ತೆ ಎಂಟು ಎಂಟು ಸಮವಾಯಿತು. ಕೊನೆಯ ಪಾಯಿಂಟಿಗೆ ಅವರ ಹುಡುಗ ಗಾಳಿ ನೋಡಿ ಉದ್ದಕ್ಕೆ ಎಸೆದ. ಆ ಊರಿನ ಗಾಳಿ ಅವರ ಮಾತು ಕೇಳುತ್ತಿತ್ತು. ಡಿಸ್ಕು ನೇರ ಅವಳ ಕಡೆಗೆ, ನಮ್ಮ ಪಟ್ಟಿಯೊಳಗೆ ಬಂತು. ಅವಳು ಹಾರಿದಳು. ನಾನು ಹಿಂದಿನಿಂದ ಹಾರಿದೆ. ಅವಳ ಬೆರಳು ಡಿಸ್ಕಿನ ಮೇಲೆ ಕೂತಿದ್ದವು, ಇನ್ನು ಮುಷ್ಟಿ ಮುಚ್ಚುವುದೊಂದೇ ಬಾಕಿ. ನಾನು ಡಿಸ್ಕನ್ನು ನೋಡಲೇ ಇಲ್ಲ. ಅವಳ ಮಣಿಕಟ್ಟನ್ನು ನೋಡಿ, ಮುಂಗೈಯಿಂದ ಜೋರಾಗಿ ಹೊಡೆದೆ. ಎಲುಬಿಗೆ ಎಲುಬು ಬಡಿದ ಸದ್ದು ನನ್ನ ಕಿವಿಗೆ ಕೇಳಿಸಿತು. ಡಿಸ್ಕು ಕೆಳಗೆ ಬಿತ್ತು.

ಎಲ್ಲರೂ ನಿಂತರು. ಅವಳು ಹೇಳಿದರೆ ಮಾತ್ರ ಅದು ಫೌಲ್, ಬೇರೆ ಯಾರು ಹೇಳಿದರೂ ನಡೆಯದು. ಅವರ ಹೊಸ ಕ್ಯಾಪ್ಟನ್ ಫೌಲಾ ಎಂದು ಕೇಳಿದ. ಅವಳು ಬಲಗೈಯನ್ನು ಹೊಟ್ಟೆಗೆ ಒತ್ತಿಕೊಂಡಿದ್ದಳು, ತುಟಿ ಬಿಳಿಚಿಕೊಂಡಿತ್ತು. ಬಾಯಿ ತೆರೆದಳು. ಸುತ್ತ ನಿಂತ ಪರಿಗಿಯವರನ್ನು, ರೊದ್ದಂನವರನ್ನು, ಪೆನುಕೊಂಡದವರನ್ನು ಒಂದು ಸಲ ನೋಡಿದಳು. ಬಾಯಿ ಮುಚ್ಚಿದಳು. ಇಲ್ಲ, ಆಡ್ರಿ ಎಂದು ಎಡಗೈ ಆಡಿಸಿದಳು. ಡಿಸ್ಕು ನಮ್ಮದಾಯಿತು. ಮೊಣಕಾಲಿನ ಎತ್ತರದಲ್ಲಿ ಐದು ಎಸೆತ, ಕೊನೆಯದನ್ನು ನಾನೇ ಹಿಡಿದೆ. ಈ ಸಲ ಎದೆಗೆ ಅವುಚಿಕೊಂಡು ಹಿಡಿದೆ. ಗೆದ್ದೆವು.

ದುಂಡಗೆ ನಿಲ್ಲುವ ಹೊತ್ತು ಬಂತು. ನಾನು ಹೇಳಬೇಕೆಂದಿದ್ದ ಮಾತುಗಳೆಲ್ಲ ಬಾಯಿಪಾಠವಾಗಿದ್ದವು. ಹಿಂದೂಪುರದ ಆ ಕ್ಯಾಚಿನ ಬಗ್ಗೆ ಈಗಲಾದರೂ ನಿಜ ಹೇಳುತ್ತೀಯಾ ಎಂದು ಎಲ್ಲರೆದುರು ಕೇಳುವುದಿತ್ತು. ಕೇಳುವ ಕಷ್ಟವನ್ನೂ ಅವಳು ಕೊಡಲಿಲ್ಲ. ತಾನೇ ಬಂದು ನನ್ನ ಪಕ್ಕ ನಿಂತಳು. ನನ್ನ ಹೆಗಲ ಮೇಲೆ ಕೈ ಹಾಕುವುದೋ ಬೇಡವೋ ಎಂದು ಅನುಮಾನಿಸಿ, ಕೊನೆಗೆ ಹಗುರವಾಗಿ ಇಟ್ಟಳು. ಅವಳ ಸರದಿ ಬಂದಾಗ ಮೊದಲು ತೆಲುಗಿನಲ್ಲಿ, ಹಿಂದೂಪುರದವರು ಚೆನ್ನಾಗಿ ಆಡಿದರು ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅಕ್ಕ, ಅವತ್ತು ನಿಮ್ಮೂರಾಗೆ ನಾನು ತಪ್ಪು ನೋಡಿದ್ನೇನೋ ಕಣಕ್ಕ. ಧೂಳು ಎದ್ದಿದ್ದು ಕಂಡಂಗಾಯ್ತು, ಅದಕ್ಕೇ ಅಂದ್ಬುಟ್ಟೆ. ಇಷ್ಟು ಜನ ಅಂತವ್ರೆ ಅಂದ್ರೆ ನನ್ನ ಕಣ್ಣೇ ತಪ್ಪಿರ್ಬೇಕು. ನೀನು ಹಿಡ್ದಿದ್ದೆ. ತಪ್ಪಾಯ್ತು."

ಧೂಳು ಎಂದು ಅವಳು ಹೇಳಿದಾಗ ಬಸ್ಸಿನಲ್ಲಿ ನಾನು ಅಳಿಸಿದ ವೀಡಿಯೊ ಕಣ್ಣ ಮುಂದೆ ಬಂತು. ಅವಳಿಗೆ ಎಲ್ಲ ಕಂಡಿತ್ತು, ಎದ್ದ ಧೂಳು ಕೂಡ. ಆ ಕಣ್ಣನ್ನೇ ಅವಳು ನಂಬದಂತೆ ನಾನು ಮಾಡಿದ್ದೆ. ಕೂತು ಕನಸು ಕಂಡಿದ್ದ ಮಾತು, ಅಕ್ಷರ ಬಿಡದೆ, ಬೇಡದೆಯೇ ಸಿಕ್ಕಿತ್ತು. ಎರಡೂ ತಂಡದವರು ನನ್ನನ್ನೇ ನೋಡುತ್ತಿದ್ದರು. ನಮ್ಮ ಪಿ.ಡಿ. ಸಾರ್ ಕೂಡ ಹತ್ತಿರ ಬಂದು ನಿಂತಿದ್ದರು. ನೆಲ ಮುಟ್ಟಿತ್ತು ಕಣಮ್ಮ, ನಿನ್ನ ಕಣ್ಣು ಸರಿಯಾಗೇ ಇದೆ ಎಂದರೆ ಮುಗಿಯುತ್ತಿತ್ತು. ಬಾಯಿಯವರೆಗೂ ಬಂತು. ನಾನು ಅವಳ ಬೆನ್ನು ತಟ್ಟಿದೆ.

"ಹೋಗ್ಲಿ ಬಿಡಮ್ಮ," ಅಂದೆ. "ಕ್ಷಮಿಸಿದೀನಿ."

ಸುತ್ತ ಇದ್ದವರೆಲ್ಲ ಚಪ್ಪಾಳೆ ಹೊಡೆದರು. ಸಾರ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಇನ್ನು ಮೇಲೆ ನಿನ್ನನ್ನು ಭೂದೇವಿ ಅನ್ನುವುದಿಲ್ಲ ಎಂದು ನಮ್ಮ ಹುಡುಗರು ಮಾತು ಕೊಟ್ಟರು. ಅರ್ಧ ಗಂಟೆಯ ನಂತರ ಶಾಮಿಯಾನದ ಕೆಳಗೆ ಬಹುಮಾನ ಹಂಚಿದರು. ಕಪ್ ಕೊಟ್ಟರು. ಆಮೇಲೆ ಎಲ್ಲ ಊರಿನ ಕ್ಯಾಪ್ಟನ್ನರು ಸೇರಿ ಆರಿಸಿದ, ಇಡೀ ಸೀಸನ್ನಿನ ಒಳ್ಳೆಯ ನಡತೆಯ ಆಟಗಾರರ ಬಹುಮಾನಕ್ಕೆ ನನ್ನನ್ನು ಕರೆದರು. ಮೈಕಿನಲ್ಲಿ ಒಬ್ಬರು, ತನಗೆ ಅನ್ಯಾಯ ಮಾಡಿದವರನ್ನು ಎಲ್ಲರೆದುರು ಕ್ಷಮಿಸಿದ ಹುಡುಗಿ ಎಂದು ತೆಲುಗಿನಲ್ಲಿ ಹೇಳಿದರು. ನಾನು ಹೋಗಿ ತೆಗೆದುಕೊಂಡೆ. ತಿರುಗಿದಾಗ ಅವಳು ಮೊದಲ ಸಾಲಿನಲ್ಲಿ ಕೂತಿದ್ದಳು. ಬಲಗೈಯ ಮಣಿಕಟ್ಟು ಊದಿ, ಸುತ್ತಿದ್ದ ಕರವಸ್ತ್ರ ಬಿಗಿದುಕೊಂಡಿತ್ತು. ಆ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಎಡಗೈಯನ್ನು ತೊಡೆಗೆ ಬಡಿಯುತ್ತಾ, ಎಲ್ಲರೂ ನಿಲ್ಲಿಸಿದ ಮೇಲೂ ನನಗಾಗಿ ಚಪ್ಪಾಳೆ ಹೊಡೆಯುತ್ತಿದ್ದಳು.